ತಳ ತಿರುಗಿಸಿ ನೋಡಿ, ಅಕ್ಕಾ

ಅಕ್ಕಾ, ಮೇ ತಿಂಗಳಲ್ಲಿ ಮಗಳ ಮನೆಗೆ ಓಹಾಯೋಗೆ ಹೊರಡ್ತೀರಂತೆ. ಒಳ್ಳೇ ಕಾಲಕ್ಕೇ ಹೋಗ್ತಿದ್ದೀರಿ. ಅಲ್ಲಿಗೆ ಹೋದವರೆಲ್ಲ ಮಾಲ್ ಸುತ್ತಿ, ನಯಾಗರಾ ನೋಡಿ ಬಂದುಬಿಡ್ತಾರೆ. ನೀವು ಒಂದು ಶನಿವಾರ ಬೆಳಿಗ್ಗೆ ಬೇಗ ಎದ್ದು, ಅಳಿಯಂದಿರ ಕಾರಲ್ಲಿ ಯಾರ್ಡ್ ಸೇಲಿಗೆ ಹೋಗಿ. ಚಳಿ ಕಳೆದ ಮೇಲೆ ಅಲ್ಲಿ ಬೀದಿ ಮೂಲೆಗಳಲ್ಲಿ ರಟ್ಟಿನ ಮೇಲೆ ಬರೆದ ಬೋರ್ಡು ಕಾಣುತ್ತೆ. ಬೇಡದ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಮೇಜಿನ ಮೇಲೆ ಹರಡಿ, ಒಂದೊಂದಕ್ಕೂ ಬೆಲೆಯ ಚೀಟಿ ಅಂಟಿಸಿ, ಮನೆಯವರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿರ್ತಾರೆ. ಎಸ್ಟೇಟ್ ಸೇಲ್ ಅಂತ ಇದ್ದರೆ ಸಾಮಾನ್ಯವಾಗಿ ಹಿರಿಯರು ತೀರಿಕೊಂಡ ಮನೆ. ಅಲ್ಲಿ ಅಡುಗೆಮನೆಯ ಸೌಟಿನಿಂದ ಹಿಡಿದು ಮಂಚದವರೆಗೆ ಎಲ್ಲವೂ ಮಾರಾಟಕ್ಕೇ. ಒಳ್ಳೇ ಹಳೇ ವಸ್ತು ಹೆಚ್ಚಾಗಿ ಸಿಗೋದು ಅಂಥ ಮನೆಯಲ್ಲೇ.

ಯಾರೋ ಬಳಸಿ ಬಿಟ್ಟದ್ದು ನಮಗ್ಯಾಕೆ ಅಂತೀರಾ? ನನ್ನ ದೋಸೆ ಕಾವಲಿ ನೋಡಿದ್ದೀರಲ್ಲ, ಅದನ್ನ ಮಗ ಪೆನ್ಸಿಲ್ವೇನಿಯಾದಲ್ಲಿದ್ದಾಗ ಹೀಗೇ ಒಂದು ಅಂಗಳದಲ್ಲಿ ತಗೊಂಡದ್ದು. ತಳ ತಿರುಗಿಸಿದರೆ ಗ್ರಿಸ್ವೋಲ್ಡ್ ಅಂತ ಅಚ್ಚಿದೆ, ಕೆಳಗೆ ಊರ ಹೆಸರು ಇರೀ. ಆ ಕಾರ್ಖಾನೆ ಇರೀ ಊರಲ್ಲಿತ್ತು, 1957ರಲ್ಲೇ ಮುಚ್ಚಿಹೋಯ್ತು. ನಿಮ್ಮ ಓಹಾಯೋದಲ್ಲೂ ಸಿಡ್ನಿ ಅನ್ನೋ ಊರಲ್ಲಿ ವ್ಯಾಗ್ನರ್ ಅಂತ ಇಂಥದೇ ಕಾರ್ಖಾನೆ ಇತ್ತು. ಆಗಿನ ಎರಕದ ಬಾಣಲೆ, ಕಾವಲಿಗಳ ಒಳಮೈಯನ್ನ ಉಜ್ಜಿ ನುಣುಪು ಮಾಡ್ತಿದ್ರು. ಈಗಿನವು ಬಹಳಷ್ಟು ತರಿತರಿಯಾಗೇ ಬರ್ತವೆ. ದೋಸೆ ಸಲೀಸಾಗಿ ಏಳಬೇಕಾದರೆ ಆ ನುಣುಪೇ ಬೇಕು.

ತುಕ್ಕು ಹಿಡಿದಿದೆ ಅಂತ ಬಿಟ್ಟು ಬರಬೇಡಿ. ತುಕ್ಕನ್ನ ತಿಕ್ಕಿ ತೆಗೆದು, ಎಣ್ಣೆ ಸವರಿ ಕಾಯಿಸಿ ಪಳಗಿಸಿದರೆ ಕಾವಲಿ ಮತ್ತೆ ಬಳಕೆಗೆ ಬರುತ್ತೆ. ಸೀಳು ಬಿಟ್ಟದ್ದು ಮಾತ್ರ ಬೇಡವೇ ಬೇಡ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಗಟ್ಟಿಯಾಗಿದ್ದರೆ ಗಂಟೆಯಂತೆ ಕಣಕಣ ಅನ್ನುತ್ತೆ, ಸೀಳಿದ್ದರೆ ಒಡಕು ದನಿ. ಸಮ ಜಾಗದಲ್ಲಿಟ್ಟಾಗ ಅಲ್ಲಾಡಿದರೆ ತಳ ಸೊಟ್ಟಗಾಗಿದೆ ಅಂತ ಅರ್ಥ. ಇನ್ನೊಂದು ವಿಷಯ ಕೆಲವರಿಗೆ ಗೊತ್ತೇ ಇರೋಲ್ಲ: ಹಿಂದೆ ಕೆಲವರು ಇಂಥ ಬಾಣಲೆಗಳಲ್ಲಿ ಸೀಸ ಕರಗಿಸ್ತಿದ್ರು. ಸೀಸ ಪತ್ತೆ ಮಾಡೋ ಕಡ್ಡಿ ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ, ಒಮ್ಮೆ ಉಜ್ಜಿ ನೋಡಿ ಆಮೇಲೆ ಒಲೆಗಿಡಿ. ಬರುವಾಗ ಕಾವಲಿಯನ್ನ ದೊಡ್ಡ ಸೂಟ್‌ಕೇಸಿಗೇ ಹಾಕಿ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಎರಕದ ಬಾಣಲೆಯನ್ನ ಕೈಚೀಲದಲ್ಲಿ ಬಿಡೋದಿಲ್ಲ.

ಏನು ತಗೊಂಡರೂ ತಳ ನೋಡಿ ಅಕ್ಕಾ, ಮುಖ ಆಮೇಲೆ. ಚಮಚ, ಫೋರ್ಕುಗಳ ಹಿಂದೆ ಸ್ಟರ್ಲಿಂಗ್ ಅಂತಲೋ 925 ಅಂತಲೋ ಇದ್ದರೆ ಬೆಳ್ಳಿ. ಇಪಿಎನ್‌ಎಸ್ ಅಂತಿದ್ದರೆ ಬರೀ ಬೆಳ್ಳಿ ಮುಲಾಮು. ಪಿಂಗಾಣಿ ಬೊಂಬೆಯ ಅಡಿಯಲ್ಲಿ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತ ಕಂಡರೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದವರು ಜಪಾನನ್ನ ಹಿಡಿದಿಟ್ಟುಕೊಂಡಿದ್ದ ಕಾಲದ್ದು. ಆ ಆಡಳಿತ ಮುಗಿದದ್ದು 1952ರಲ್ಲಿ. ಅಂಗೈಯಷ್ಟು ಬೊಂಬೆಯ ಮೇಲೆ ಎಷ್ಟು ಚರಿತ್ರೆ ನೋಡಿ!

ಪೈರೆಕ್ಸ್ ಬಟ್ಟಲುಗಳ ಮೇಲೆ ಅಲ್ಲಿನವರಿಗೆ ಬಹಳ ಪ್ರೀತಿ. ಕಾರ್ನಿಂಗ್ ಕಂಪನಿ ಆ ಗಾಜನ್ನ 1915ರಲ್ಲಿ ಮಾರುಕಟ್ಟೆಗೆ ತಂತು. 1940ರ ದಶಕದಲ್ಲಿ ಒಂದರೊಳಗೊಂದು ಕೂರೋ ನಾಲ್ಕು ಬಣ್ಣದ ಬಟ್ಟಲುಗಳು ಬಂದವು: ಎಲ್ಲಕ್ಕಿಂತ ದೊಡ್ಡದು ಹಳದಿ, ಆಮೇಲೆ ಹಸಿರು, ಕೆಂಪು, ಪುಟ್ಟದು ನೀಲಿ. ನಾಲ್ಕೂ ಜೊತೆಯಲ್ಲಿದ್ದರೆ ಅದರ ಬೆಲೆಯೇ ಬೇರೆ. ಪಾತ್ರೆ ತೊಳೆಯೋ ಯಂತ್ರಕ್ಕೆ ಹಾಕಿ ಹಾಕಿ ಬಣ್ಣ ಮಂಕಾಗಿದ್ದರೆ ಬಿಟ್ಟುಬಿಡಿ, ಆ ಹೊಳಪು ವಾಪಸ್ ಬರೋದಿಲ್ಲ. ಬಣ್ಣ ಬಳಿದ ಹಳೇ ಆಟಿಕೆಯನ್ನ ಮೊಮ್ಮಗುವಿಗೆ ತರಬೇಡಿ. ಸೀಸದ ಬಣ್ಣವನ್ನ ಅಲ್ಲಿ ನಿಷೇಧಿಸಿದ್ದು 1978ರಲ್ಲಿ, ಅದಕ್ಕೆ ಮುಂಚಿನವನ್ನ ನಂಬೋ ಹಾಗಿಲ್ಲ.

ಬೆಲೆ ತಿಳಿಯೋದು ಹೇಗೆ ಅಂದ್ರಾ? ಈಬೇ ಅನ್ನೋ ಮಾರಾಟದ ಜಾಲತಾಣದಲ್ಲಿ ಯಾರು ಬೇಕಾದರೂ ಸಾವಿರ ಡಾಲರ್ ಅಂತ ಬರೆದುಕೊಳ್ಳಬಹುದು. ಅದು ಅವರ ಆಸೆ, ವಸ್ತುವಿನ ಬೆಲೆ ಅಲ್ಲ. ಅಲ್ಲೇ ‘ಸೋಲ್ಡ್’ ಅಂತ ಒತ್ತಿದರೆ ನಿಜವಾಗಿ ಎಷ್ಟಕ್ಕೆ ಮಾರಾಟ ಆಗಿದೆ ಅಂತ ತೋರಿಸುತ್ತೆ. ನಂಬಬೇಕಾದ್ದು ಅದನ್ನ. ಬೀನಿ ಬೇಬಿ ಅನ್ನೋ ಬೊಂಬೆಗಳನ್ನ 1990ರ ದಶಕದಲ್ಲಿ ಜನ ಮುಂದೆ ಚಿನ್ನದ ಬೆಲೆ ಬರುತ್ತೆ ಅಂತ ಡಬ್ಬ ಡಬ್ಬ ಕೂಡಿಟ್ಟರು. ಈಗ ಅವುಗಳಲ್ಲಿ ಹೆಚ್ಚಿನವಕ್ಕೆ ಕೆಲವೇ ಡಾಲರ್.

ಯಾರ್ಡ್ ಸೇಲಿನಲ್ಲಿ ಕೊಂಡ ಬಟ್ಟಲು ಲಕ್ಷಾಂತರ ಡಾಲರಿಗೆ ಹೋದ ಕಥೆ ನೀವೂ ಕೇಳಿರಬಹುದು, ಅದು ನಿಜವೇ. 2007ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಕುಟುಂಬ 3 ಡಾಲರಿಗೆ ಕೊಂಡ ಬಿಳಿ ಬಟ್ಟಲು ಸಾವಿರ ವರ್ಷದ ಹಿಂದಿನ ಚೀನಾದ್ದು ಅಂತ ಆಮೇಲೆ ಗೊತ್ತಾಯ್ತು. 2013ರಲ್ಲಿ ಸಾದಬೀಸ್ ಹರಾಜಿನಲ್ಲಿ 22 ಲಕ್ಷ ಡಾಲರಿಗೆ ಹೋಯ್ತು. ನನಗೆ ಇನ್ನೂ ಇಷ್ಟ ಕನೆಕ್ಟಿಕಟ್‌ನ ಒಬ್ಬರ ಕಥೆ. ನ್ಯೂ ಹೇವನ್ ಊರಿನ ಹತ್ತಿರ ಒಂದು ಯಾರ್ಡ್ ಸೇಲಿನಲ್ಲಿ ಕೇಳಿದ 35 ಡಾಲರ್ ಕೊಟ್ಟು ನೀಲಿ ಹೂವಿನ ಒಂದು ಪುಟ್ಟ ಬಟ್ಟಲು ತಗೊಂಡರು. ಸುಮ್ಮನೆ ಕಪಾಟಿನಲ್ಲಿಡದೆ ಅದರ ಫೋಟೋ ತೆಗೆದು ತಿಳಿದವರಿಗೆ ಕಳಿಸಿದರು. ಅದು ಹದಿನೈದನೇ ಶತಮಾನದ ಮಿಂಗ್ ಅರಸರ ಕಾಲದ್ದು. 2021ರ ಹರಾಜಿನಲ್ಲಿ ಅದರ ಬೆಲೆ 7 ಲಕ್ಷ 20 ಸಾವಿರ ಡಾಲರ್ ದಾಟಿತು. ಆದರೆ ಇದನ್ನೇ ಮನಸ್ಸಲ್ಲಿಟ್ಟುಕೊಂಡು ಹೋಗಬೇಡಿ ಅಕ್ಕಾ. ಮನೆಯಲ್ಲಿ ಬಳಸೋಕೆ ಬೇಕಾದ್ದನ್ನ, ಕಣ್ಣಿಗೆ ಹಿತವಾದದ್ದನ್ನ ತಗೊಳ್ಳಿ.

ಚೌಕಾಸಿ ಧಾರಾಳವಾಗಿ ಮಾಡಿ, ಯಾರೂ ಬೇಜಾರು ಮಾಡ್ಕೊಳ್ಳೋಲ್ಲ. ನಮ್ಮ ಮಾರ್ಕೆಟ್ಟಿನಲ್ಲಿ ಮಾಡೋ ಹಾಗೆ ವಸ್ತುವನ್ನ ಹಳಿದು ಬೆಲೆ ಇಳಿಸೋದು ಮಾತ್ರ ಬೇಡ. ಅದು ಅವರ ತಾಯಿಯದ್ದೋ ಅಜ್ಜಿಯದ್ದೋ ಆಗಿರುತ್ತೆ. ಮೂರು ಸಾಮಾನು ಒಟ್ಟಿಗೆ ಹಿಡಿದು, ಮೂರಕ್ಕೂ ಸೇರಿಸಿ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿ. ಮಧ್ಯಾಹ್ನ ಹೋದರೆ ಅವರೇ ಇಳಿಸ್ತಾರೆ, ಆದರೆ ಒಳ್ಳೇದು ಅಷ್ಟು ಹೊತ್ತಿಗೆ ಹೋಗಿರುತ್ತೆ. ವಯಸ್ಸಾದವರು ತಿಳಿಯದೆ ಬೆಳ್ಳಿಯ ಚಮಚವನ್ನ ಪುಡಿಗಾಸಿಗೆ ಇಟ್ಟಿದ್ದರೆ, ಇದು ಬೆಳ್ಳಿ ಅಂತ ಹೇಳಿಬಿಡಿ. ಅಷ್ಟು ಹೇಳದೆ ತಂದದ್ದನ್ನ ನಾನಂತೂ ಮನೆಯಲ್ಲಿ ಇಟ್ಟುಕೊಳ್ಳಲಾರೆ.

ಮಗಳಿಗೆ ನಿಮ್ಮತ್ತೆಯ ಕಾಲದ ದೀಪದ ಕಂಬ ಒಯ್ತೀನಿ ಅಂದಿದ್ರಲ್ಲ, ಅದು ಎಷ್ಟು ಹಳೇದು? ನೂರು ವರ್ಷ ದಾಟಿದ ಇಂಥ ವಸ್ತುಗಳನ್ನ ನಾವು ನೀವು ದೇಶದಿಂದ ಹೊರಗೆ ಒಯ್ಯೋ ಹಾಗಿಲ್ಲ, 1972ರ ಕಾನೂನಿದೆ. ಅಷ್ಟು ಹಳೇದಲ್ಲ ಅಂತಾದರೆ ಪುರಾತತ್ತ್ವ ಇಲಾಖೆಗೆ ತೋರಿಸಿ ಪ್ರಮಾಣಪತ್ರ ತಗೊಳ್ಳಿ, ವಿಮಾನ ನಿಲ್ದಾಣದಲ್ಲಿ ತಾಪತ್ರಯ ತಪ್ಪುತ್ತೆ.

ಹೊರಡೋ ಮುಂಚೆ ಅಟ್ಟದ ಮೇಲಿನ ಕಂಚು, ತಾಮ್ರ ಎಲ್ಲ ಹಾಕಿ ಸ್ಟೀಲ್ ಪಾತ್ರೆ ತಗೋತೀನಿ ಅಂದದ್ದು ನಂಗೆ ನಿನ್ನೆಯಿಂದ ಮನಸ್ಸಿನಲ್ಲೇ ಇದೆ. ಪಾತ್ರೆ ಅಂಗಡಿಯವರು ಕೊಡೋದು ಲೋಹದ ತೂಕಕ್ಕೆ. ಕೊಪ್ಪರಿಗೆಯ ಕಂಠದಲ್ಲಿ ಕೊರೆಸಿದ ಹೆಸರಿಗೆ, ಆ ಕೈಕೆಲಸಕ್ಕೆ ಅವರ ತಕ್ಕಡಿಯಲ್ಲಿ ಬೆಲೆ ಇಲ್ಲ; ಕರಗಿಸಿದ ಮೇಲೆ ಅವು ಯಾರಿಗೂ ಸಿಗೋದಿಲ್ಲ. ಭಾನುವಾರ ನಾನೇ ಬರ್ತೀನಿ, ಒಂದೊಂದನ್ನೂ ಕೆಳಗಿಳಿಸಿ ತಿರುಗಿಸಿ ನೋಡೋಣ. ಅಲ್ಲಿವರೆಗೆ ಒಂದು ಲೋಟವನ್ನೂ ಹಾಕಬೇಡಿ, ಅಕ್ಕಾ.