ಇಟ್ಟಿಗೆ ತಿನ್ನುವ ಸಿಮೆಂಟು

ಹೊಸ ಮನೆ ಕಟ್ಟಿಸಿದವರು ಸಿಕ್ಕಿದರೆ ಟೈಲ್ಸು, ಮಾಡ್ಯುಲರ್ ಕಿಚನ್ನು, ಸೋಲಾರು ಅಂತ ಮಾತಾಡುತ್ತಾರೆ. ಹಳೇ ಮನೆಯವರ ಬಾಯಲ್ಲಿ ಬರುವುದು ಹೆಂಚು, ಗೆದ್ದಲು, ಗಾರೆ. ಅದರಲ್ಲೂ ಗಾರೆ ಸುದ್ದಿ ಎತ್ತಿದರೆ ಕಾಫಿ ಆರಿದರೂ ಮಾತು ಆರುವುದಿಲ್ಲ. ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಇಟ್ಟಿಗೆ ಕಾಂಪೌಂಡು. ಮೈಸೂರಿನ ಎಷ್ಟೋ ಹಳೇ ಬೀದಿಗಳ ಗೋಡೆಗಳ ಹಾಗೆ ಇದೂ ಮಹಾರಾಜರ ಕಾಲದ್ದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮೇಲಿನ ಗಿಲಾವು ಯಾವತ್ತೋ ಉದುರಿ ಇಟ್ಟಿಗೆಗಳು ಹಲ್ಲು ಕಿರಿಯುತ್ತಿವೆ. ಪತ್ರದಲ್ಲಿ ಗೋಡೆ ಇಬ್ಬರಿಗೂ ಸೇರಿದ್ದು ಎಂದಿದೆ. ರಿಪೇರಿ ಖರ್ಚಿನ ಮಾತು ಬಂದಾಗ ಮಾತ್ರ ಅದು ಯಾರಿಗೂ ಸೇರದ್ದು.

ನಿಜ ಹೇಳಬೇಕೆಂದರೆ ಇಟ್ಟಿಗೆಗೆ ಏನೂ ಆಗಿಲ್ಲ. ಹೋಗಿರುವುದು ನಡುವಿನ ಸಂದಿನ ಗಾರೆ. ಕಿರುಬೆರಳು ತೂರಿಸಿದರೆ ಮೊದಲ ಗೆಣ್ಣಿನವರೆಗೂ ಹೋಗುತ್ತದೆ. ಒಂದು ಸಂದಿನಲ್ಲಿ ಕಣಜ ಮಣ್ಣಿನ ಗೂಡು ಮೆತ್ತಿದೆ. ಕೆಳಗಿನ ವರಸೆಯಲ್ಲಿ ಇರುವೆಗಳು ಹಳೇ ಗಾರೆಯ ಪುಡಿಯನ್ನು ಕಣಕಣವಾಗಿ ಹೊರಗೆ ತಂದು ಸಣ್ಣ ಗುಡ್ಡೆ ಮಾಡಿವೆ. ಮೂಲೆಯಲ್ಲಿ, ಕಾಗೆಯೋ ಮೈನಾವೋ ಉದುರಿಸಿ ಹೋದ ಬೀಜದಿಂದ ಒಂದು ಅರಳಿ ಸಸಿ ಎದ್ದಿದೆ.

“ನೋಡ್ರಿ, ಒಂದು ಮೂಟೆ ಸಿಮೆಂಟ್ ತರಿಸಿ ಮೆತ್ತಿಸಿಬಿಡೋಣ. ಅರ್ಧ ನೀವು ಹಾಕಿ, ಅರ್ಧ ನಾನು” ಅಂದರು ರಾಯರು.

ಖರ್ಚು ಹಂಚಿಕೊಳ್ಳುವ ಮಾತು ಅವರ ಬಾಯಿಂದ ಬಂದದ್ದೇ ದೊಡ್ಡದು. ಆದರೂ ಸಿಮೆಂಟು ಬೇಡ ಅಂದೆ. ರಾಯರು ಕನ್ನಡಕ ತೆಗೆದು ನನ್ನನ್ನು ಹಾಗೇ ನೋಡಿದರು. ನಮ್ಮ ಕಾಲದಲ್ಲಿ ದೇವರನ್ನು ನಂಬದವರು ಸಿಕ್ಕಾರು, ಸಿಮೆಂಟನ್ನು ನಂಬದವರು ಸಿಗುವುದು ಕಷ್ಟ.

“ರಾಯರೇ, ನಿಮ್ಮ ಬಚ್ಚಲ ಹಿಂದಿನ ಗೋಡೆಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿಸಿದ್ದಿರಲ್ಲ, ಅದನ್ನ ಸ್ವಲ್ಪ ನೋಡೋಣ ಬನ್ನಿ” ಎಂದು ಕರೆದುಕೊಂಡು ಹೋದೆ. ಅಲ್ಲಿನ ದೃಶ್ಯಕ್ಕೆ ವ್ಯಾಖ್ಯಾನವೇ ಬೇಕಿರಲಿಲ್ಲ. ಸಿಮೆಂಟಿನ ಗೆರೆಗಳು ಕಲ್ಲಿನಂತೆ ಗಟ್ಟಿಯಾಗಿ, ಜೇನುಹುಟ್ಟಿನ ಗೋಡೆಗಳ ಹಾಗೆ ಮುಂದಕ್ಕೆ ಚಾಚಿ ನಿಂತಿದ್ದವು. ನಡುವಿನ ಇಟ್ಟಿಗೆಗಳು ಅರ್ಧ ಇಂಚಿನಷ್ಟು ಒಳಗೆ ಸರಿದಿದ್ದವು. ಹೆಬ್ಬೆರಳಿನಿಂದ ಒಂದು ಇಟ್ಟಿಗೆ ಒತ್ತಿದರೆ ಕೆಂಪು ಪುಡಿ, ಅದರ ಜೊತೆ ಬಿಳಿ ಉಪ್ಪಿನ ಪೊರೆ.

“ಇಟ್ಟಿಗೆನೇ ಕಳಪೆ ಇರಬೇಕು” ಅಂದರು. ಅದೇ ಇಟ್ಟಿಗೆ ಈ ಕಡೆ ಗೋಡೆಯಲ್ಲಿ ಇವತ್ತಿಗೂ ನೆಟ್ಟಗಿದೆ ಎಂದು ತೋರಿಸಿದೆ.

ನಡೆಯುವುದು ಇಷ್ಟು. ಗೋಡೆ ಅಂದ ಮೇಲೆ ನೀರು ಕುಡಿದೇ ಕುಡಿಯುತ್ತದೆ: ಮಳೆ, ನೆಲದ ತೇವ, ಗೋಡೆಗೆ ಒರಗಿಸಿ ಇಟ್ಟ ಕುಂಡಗಳ ನೀರು. ಕುಡಿದದ್ದು ಆವಿಯಾಗಿ ಮತ್ತೆ ಹೊರಗೆ ಹೋಗಲೇಬೇಕು. ಸುಣ್ಣದ ಗಾರೆಯ ಮೈ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ತೇವ ಸಲೀಸಾಗಿ ಆ ದಾರಿ ಹಿಡಿಯುತ್ತದೆ. ಹೋಗುವಾಗ ಮಣ್ಣಿನ, ಇಟ್ಟಿಗೆಯ ಉಪ್ಪನ್ನೂ ಕರಗಿಸಿಕೊಂಡು ಹೋಗುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿದು ಹರಳುಗಟ್ಟುತ್ತದೆ, ಹರಳು ಬೆಳೆಯುತ್ತ ಸುತ್ತಲಿನದನ್ನು ಸೀಳುತ್ತದೆ. ಹೀಗೆ ಸೀಳಿಸಿಕೊಂಡು ಪುಡಿಯಾಗುವ ಕೆಲಸ ಗಾರೆಗೆ ವಹಿಸಿದ್ದು. ಪುಡಿಯಾದರೆ ಕೆರೆದು ಹೊಸದು ತುಂಬಬಹುದು. ಇಟ್ಟಿಗೆ ಪುಡಿಯಾದರೆ ಏನನ್ನು ಎಲ್ಲಿಗೆ ತುಂಬುತ್ತೀರಿ? ಸಂದಿಗೆ ಸಿಮೆಂಟು ಬಡಿದಿರೋ, ಆ ದಾರಿ ಬಂದ್. ತೇವ ಇಟ್ಟಿಗೆಯ ಮುಖದಿಂದಲೇ ಹೊರಡಬೇಕು, ಉಪ್ಪು ಅಲ್ಲೇ ಹರಳುಗಟ್ಟಬೇಕು, ಮುಖ ಪದರಪದರವಾಗಿ ಏಳಬೇಕು. ಬಚ್ಚಲ ಗೋಡೆಯಲ್ಲಿ ಆಗಿರುವುದು ಅದೇ.

ಇನ್ನೊಂದು ವಿಷಯ. ಗೋಡೆ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸುಣ್ಣದ ಗಾರೆ ಆ ಅಲುಗಾಟವನ್ನು ಸಹಿಸಿಕೊಳ್ಳುತ್ತದೆ. ಕೂದಲೆಳೆಯ ಬಿರುಕು ಬಿಟ್ಟರೆ ಒಳಗಿನ ಸುಣ್ಣ ನೀರಲ್ಲಿ ಸ್ವಲ್ಪ ಕರಗಿ, ಬಿರುಕಿಗೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮತ್ತೆ ಕಲ್ಲಾಗಿ ಕೂತುಕೊಳ್ಳುತ್ತದೆ. ಸಿಮೆಂಟು ಇಷ್ಟು ಸೈರಣೆಯದಲ್ಲ. ಬಿರುಕು ಬಿಟ್ಟರೆ ಅಂಚಿನಲ್ಲಿ ಬಿಡುತ್ತದೆ. ಆ ಸೀಳಿನಲ್ಲಿ ನೀರು ಒಳಗೆ ನುಗ್ಗುತ್ತದೆ, ಹೊರಗೆ ಬರಲು ಮಾತ್ರ ದಾರಿ ಸಿಗುವುದಿಲ್ಲ.

ರಾಯರು ಸುಮ್ಮನೆ ಒಪ್ಪುವವರಲ್ಲ. “ಸುಣ್ಣದ ಗಾರೆ ಅಂತೀರಲ್ಲ, ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಏನಾಯ್ತು? ದೇವರಾಜ ಮಾರ್ಕೆಟ್ ಏನಾಯ್ತು?” ಎಂದರು. ಮೈಸೂರಿನವರಿಗೆ ಇದು ನೋವಿನ ಮಾತು. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಪ್ರಾಣಗಳೂ ಹೋದವು. 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅವು ಬಿದ್ದದ್ದಕ್ಕೆ ಕಾರಣ ಹೇಳಲು ನಾನು ಎಂಜಿನಿಯರಲ್ಲ. ಆದರೆ ಗಾರೆ ಅಂದ ಮಾತ್ರಕ್ಕೆ ದುರ್ಬಲ ಅನ್ನುವುದಾದರೆ, 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಯಾವುದರಲ್ಲಿ? ಸುರ್ಕಿ ಗಾರೆಯಲ್ಲಿ, ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿ. ಕಾವೇರಿಯನ್ನೇ ತಡೆದು ನಿಲ್ಲಿಸಿರುವ ಪದಾರ್ಥ ನಮ್ಮ ಗುಲಾಬಿ ಕುಂಡಗಳ ನೀರಿಗೆ ಹೆದರೀತೇ? ಈ ಮಾತಿಗೆ ರಾಯರು ಒಂದು ಹ್ಞೂಂ ಅಂದರು. ವಿಶ್ವೇಶ್ವರಯ್ಯನವರ ಕಟ್ಟೆಯ ಮಾತು ಬಂದ ಮೇಲೆ ಮೈಸೂರಿನಲ್ಲಿ ವಾದ ಮುಂದುವರಿಸುವವರು ಕಡಿಮೆ.

ಸರಿ, ಮೇಸ್ತ್ರಿ ಬಂದ. ಬರುವಾಗಲೇ ಕೈಯಲ್ಲಿ ಗ್ರೈಂಡರು. “ಸಾರ್, ಒಂದು ರೌಂಡ್ ಬಿಟ್ರೆ ಸಂದೆಲ್ಲ ಕ್ಲೀನು. ಒನ್ ಈಸ್ ಟು ತ್ರೀ ಹಾಕಿ ಎಳೆದ್ರೆ ನೂರು ವರ್ಷ ಅಲ್ಲಾಡಲ್ಲ” ಎಂದ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು. ಅಲ್ಲಾಡುವುದಿಲ್ಲ ನಿಜ, ತೊಂದರೆಯೂ ಅದೇ. ಗ್ರೈಂಡರು ಅಗಲದ ಸಂದಿನಲ್ಲಿ ನುರಿತ ಕೈಗೆ ಸರಿ. ಹಳೇ ಗೋಡೆಯ ಹತ್ತು ಮಿಲಿಮೀಟರಿನ ಅಂಕುಡೊಂಕು ಸಂದಿನಲ್ಲಿ, ಅದರಲ್ಲೂ ನಿಲುವು ಸಂದಿನಲ್ಲಿ, ಒಂದು ಕ್ಷಣ ಕೈ ಜಾರಿದರೆ ಮೇಲಿನ ಇಟ್ಟಿಗೆಗೂ ಕೆಳಗಿನ ಇಟ್ಟಿಗೆಗೂ ಗಾಯ. ಚಾಣ, ಸುತ್ತಿಗೆ ತಾ ಅಂದೆ. ಅವನ ಮುಖ ಸಪ್ಪಗಾಯಿತು. ಚದರಡಿ ಲೆಕ್ಕ ಬಿಟ್ಟು ದಿನಗೂಲಿಗೆ ಬಾ ಅಂದ ಮೇಲೆ ಸರಿಹೋಯಿತು. ಇದು ಮುಖ್ಯ: ಚದರಡಿ ಲೆಕ್ಕದಲ್ಲಿ ಕೊಟ್ಟರೆ ಯಾವ ಮೇಸ್ತ್ರಿಯೂ ಆಳವಾಗಿ ಕೆರೆಯುವುದಿಲ್ಲ. ಮೇಲೆ ಮೇಲೆ ತಿಕ್ಕಿ, ಹಳೇ ಪುಡಿಯ ಮೇಲೇ ಹೊಸದನ್ನು ಮೆತ್ತಿ ಹೋಗುತ್ತಾನೆ. ಮುಂದಿನ ಮಳೆಗೆ ಅದು ಉದ್ದುದ್ದ ಚಕ್ಕೆಯಾಗಿ ಕಳಚಿ ಬೀಳುತ್ತದೆ. ತಪ್ಪು ಅವನದಲ್ಲ, ಲೆಕ್ಕದ್ದು.

ಎಷ್ಟು ಕೆರೆಯಬೇಕು? ಸಂದಿನ ಅಗಲದ ಎರಡರಷ್ಟಾದರೂ, ಅಂದರೆ ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಕೆರೆದ ಗುಂಡಿಯ ತಳ ಚೌಕವಾಗಿರಬೇಕು. ಒಳಹೋಗುತ್ತ ಚೂಪಾಗಿ ಹೋದರೆ ಹೊಸ ಗಾರೆಗೆ ಹಿಡಿತ ಸಿಗುವುದಿಲ್ಲ. ಆಮೇಲೆ ಬ್ರಷ್ಷಿನಿಂದ ಧೂಳು ಹೊಡೆದು, ಮೇಲಿನಿಂದ ಕೆಳಕ್ಕೆ ನೀರು ಚಿಮುಕಿಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಒಂದೇ ಗುಟುಕಿಗೆ ಎಳೆದುಕೊಂಡು ಅದನ್ನು ಮರಳು ಮಾಡಿಬಿಡುತ್ತದೆ. ತೇವ ಇರಬೇಕು, ನೀರು ನಿಂತಿರಬಾರದು.

ಕೆರೆಯುವಾಗ ಅರಳಿ ಸಸಿಯ ಪ್ರಶ್ನೆ ಬಂತು. ಮೇಸ್ತ್ರಿ ಕತ್ತರಿಸಿ ಬಿಸಾಡಲು ಹೊರಟ. ರಾಯರ ಹೆಂಡತಿ ಅಡಿಗೆಮನೆ ಕಿಟಕಿಯಿಂದಲೇ “ಅರಳಿ ಮೇಲೆ ಕತ್ತಿ ಇಡಬೇಡಪ್ಪಾ!” ಎಂದು ಕೂಗಿದರು. ಅವರ ಕಾರಣ ಬೇರೆ, ನನ್ನ ಕಾರಣ ಬೇರೆ, ಬೇಕಾದ್ದು ಮಾತ್ರ ಒಂದೇ. ಬುಡ ಕತ್ತರಿಸಿದರೆ ಒಳಗಿನ ಬೇರು ಇನ್ನೂ ನಾಲ್ಕು ಚಿಗುರು ಕಳಿಸುತ್ತದೆ. ಅದು ಸಂದು ಹಿಡಿದು ಓಡಿರುತ್ತದೆ. ಆ ಜಾಗದ ಇಟ್ಟಿಗೆಗಳನ್ನೇ ಬಿಡಿಸಿ, ಬೇರನ್ನು ಇಡಿಯಾಗಿ ಎಳೆದು, ಇಟ್ಟಿಗೆಯನ್ನು ಮತ್ತೆ ಕೂರಿಸಬೇಕು. ಹಾಗೇ ಮಾಡಿದೆವು. ಸಸಿ ಈಗ ಹಳೇ ಪೇಂಟ್ ಡಬ್ಬಿಯಲ್ಲಿ ಪೂಜೆ ಮಾಡಿಸಿಕೊಳ್ಳುತ್ತ, ಯಾವುದಾದರೂ ದೇವಸ್ಥಾನದ ಅಂಗಳ ಸಿಗುವವರೆಗೆ ಕಾಯುತ್ತಿದೆ.

ಇನ್ನು ಗಾರೆ. ಹಿಂದೆ ದುಂಡಗಿನ ಕಾಲುವೆಯಲ್ಲಿ ಎತ್ತು ಕಟ್ಟಿ, ಕಲ್ಲಿನ ಗಾಲಿ ತಿರುಗಿಸಿ ಗಾರೆ ಅರೆಯುತ್ತಿದ್ದರು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬೆರೆಸುತ್ತಿದ್ದರು. ಆ ವೈಭವ ಒಂದು ಕಾಂಪೌಂಡಿಗೆ ಬೇಡ. ಸುಟ್ಟ ಸುಣ್ಣದ ಕಲ್ಲು ಸಿಕ್ಕರೆ ತಂದು ನೀರಿಗೆ ಹಾಕಿ ಅರಳಿಸಿ, ಕೆನೆಯಂತಾದದ್ದನ್ನು ಮೇಲೆ ನೀರು ನಿಲ್ಲಿಸಿ ಕೆಲವು ವಾರ ಇಡುವುದು. ನೆನಪಿರಲಿ, ನೀರಿಗೆ ಸುಣ್ಣ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ. ಎಲೆಯಡಿಕೆಗೆ ಚೂರು ಸುಣ್ಣ ಹೆಚ್ಚಾದರೇ ಬಾಯಿ ಸುಟ್ಟುಹೋಗುತ್ತದೆ, ಇನ್ನು ಕುದಿಯುವ ಸುಣ್ಣ ಕಣ್ಣಿಗೆ ಬಿದ್ದರೆ ಹೇಳುವುದೇ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ಗವಸು, ಮಕ್ಕಳು ದೂರ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಅದರಲ್ಲಿ ಒಂದು ಪಾಲು ಮರಳಿನ ಬದಲು ಜರಡಿ ಹಿಡಿದ ಸುರ್ಕಿ ಹಾಕಿದರೆ ತೇವದ ಜಾಗದಲ್ಲೂ ಗಟ್ಟಿಯಾಗುತ್ತದೆ, ಬಣ್ಣವೂ ಇಟ್ಟಿಗೆಗೆ ಹೊಂದುತ್ತದೆ. ಮರಳಿನ ವಿಷಯದಲ್ಲಿ ಎಚ್ಚರ. ಕೆರೆ ಮಣ್ಣು ತೊಳೆದು ಮಾಡಿದ ‘ಫಿಲ್ಟರ್ ಮರಳು’ ಮಾರುವವರು ಇನ್ನೂ ಇದ್ದಾರೆ. ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಡಿ. ಮೇಲೆ ದಪ್ಪ ಜೇಡಿ ಪದರ ಕೂತರೆ ಲಾರಿಯನ್ನು ವಾಪಸ್ ಕಳಿಸಿ. ಗಾರೆ ಗಟ್ಟಿ ಹದದಲ್ಲಿರಬೇಕು, ಕರಣೆಯಿಂದ ಜಾರಬಾರದು. ಆಳದ ಸಂದನ್ನು ಒಂದೇ ಸಲ ತುಂಬದೆ ಪದರಪದರವಾಗಿ ಒತ್ತಿ ತುಂಬಬೇಕು. ಕೊನೆಯ ಪದರ ಇಟ್ಟಿಗೆಯ ಅಂಚಿಗಿಂತ ಕೂದಲೆಳೆಯಷ್ಟು ಒಳಗಿರಲಿ. ನಮ್ಮ ಮೇಸ್ತ್ರಿಗೆ ಮಾತ್ರ ಸೈಜುಗಲ್ಲಿನ ಕಾಂಪೌಂಡಿಗೆ ಮಾಡುವ ಹಾಗೆ ಉಬ್ಬಿದ ಪಟ್ಟಿ ಎಳೆದು ಕಪ್ಪು ಬಣ್ಣ ಹೊಡೆಯುವ ಆಸೆ. ನೋಡಲು ಚೆಂದ ಅನ್ನುವವರಿದ್ದಾರೆ. ನನಗಂತೂ ಕಪ್ಪು ಹುಬ್ಬು ತೀಡಿದ ಗೋಡೆ ಕಂಡರೆ ನಗು ಬರುತ್ತದೆ. ಅದೂ ಅಲ್ಲದೆ ಆ ಉಬ್ಬಿನ ಮೇಲೆ ಮಳೆನೀರು ಕೂತು ಸಂದಿನೊಳಕ್ಕೇ ಇಳಿಯುತ್ತದೆ.

ತುಂಬಿದ ಮೇಲೆ ಒದ್ದೆ ಗೋಣಿತಾಟು ಹೊದಿಸಿ ಕನಿಷ್ಠ ಒಂದು ವಾರ ತೇವ ಆರದಂತೆ ನೋಡಿಕೊಳ್ಳಬೇಕು. ಸುಣ್ಣ ನಿಧಾನಿ; ಗಾಳಿಯಿಂದ ಉಸಿರೆಳೆದು ಕಲ್ಲಾಗಲು ತಿಂಗಳುಗಳೇ ಬೇಕು. ಆದ್ದರಿಂದ ಆಷಾಢದ ಮಳೆಯಲ್ಲೂ ಬೇಡ, ಏಪ್ರಿಲ್ ಬಿಸಿಲಲ್ಲೂ ಬೇಡ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಚಳಿ ನಮ್ಮ ಕಡೆ ಇದಕ್ಕೆ ಒಳ್ಳೇ ಕಾಲ. ಕೊನೆಗೆ ಗೋಡೆಗೆ ಆಸಿಡ್ ಹಚ್ಚಿ ತೊಳೆದುಕೊಡುತ್ತೇನೆ ಎಂದ ಮೇಸ್ತ್ರಿ. ಆಸಿಡ್ಡಿಗೆ ಮೊದಲ ತುತ್ತೇ ಸುಣ್ಣ. ಕಾಫಿ ಕೊಟ್ಟು ಕಳಿಸಿದೆ.

ಸಂದು ತುಂಬುವುದಕ್ಕಿಂತ ಮುಂಚಿನ ಜಗಳವನ್ನು ಹೇಳಲೇ ಇಲ್ಲ. ಗಾರೆ ಹೋಗಲು ಮೂಲ ಕಾರಣ ಗೋಡೆಯ ನೆತ್ತಿಗೆ ಮುಚ್ಚಳವಿಲ್ಲದ್ದು. ಮಳೆ ನೇರ ಒಳಕ್ಕೇ ಇಳಿಯುತ್ತಿತ್ತು. ನೆತ್ತಿಗೆ ಇಳಿಜಾರು ಕೊಡಬೇಕು ಅಂದೆ. “ಇಳಿಜಾರು ಯಾರ ಕಡೆಗೆ?” ಎಂದರು ರಾಯರು. ನಮ್ಮ ಕಡೆ ಅಂದರೆ ನಮಗೆ ಕೆಸರು, ಅವರ ಕಡೆ ಅಂದರೆ ಗುಲಾಬಿಗೆ ಕೊಳೆರೋಗ. ಒಂದಿಡೀ ಸಂಜೆ ಚರ್ಚೆಯಾಗಿ, ಎರಡೂ ಕಡೆಗೆ ಇಳಿಜಾರಾದ ಕಲ್ಲುಚಪ್ಪಡಿ, ಅಂಚು ಗೋಡೆಯಿಂದ ಎರಡಿಂಚು ಹೊರಗೆ, ಅಡಿಯಲ್ಲಿ ಹನಿ ಕಡಿಯುವ ಒಂದು ಗೀರು ಎಂದು ಒಪ್ಪಂದವಾಯಿತು. ಕುಂಡಗಳು ಗೋಡೆಯಿಂದ ಒಂದು ಗೇಣು ದೂರ ಸರಿದವು. ಗುಲಾಬಿಗೂ ಗಾಳಿಯಾಡಲು ಜಾಗವಾಯಿತು.

ಇಷ್ಟೆಲ್ಲ ಕೇಳಿ ಸಿಮೆಂಟು ಬಳಸುವುದೇ ಪಾಪ ಅಂತ ತಿಳಿಯಬೇಡಿ. ಬೆಂಗಳೂರಿನ ಬಡಾವಣೆಗಳಲ್ಲಿ ಈಚಿನ ದಶಕಗಳಲ್ಲಿ ಗಿಲಾವಿಲ್ಲದೆ ಕಟ್ಟಿದ ವೈರ್‌ಕಟ್ ಇಟ್ಟಿಗೆಯ ಮನೆಗಳು ಸಿಮೆಂಟಿನಲ್ಲೇ ಎದ್ದವು; ಅವುಗಳ ಸಂದಿಗೆ ಸಿಮೆಂಟೇ ಸರಿ. ಆದರೆ ಅಲ್ಲೂ ಇಟ್ಟಿಗೆಗಿಂತ ಮೆತ್ತಗಿನ ಹದವೇ ಇರಲಿ: ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಕೇರಳದಲ್ಲಿ ಇಟ್ಟಿಗೆ ಮನೆಗಳನ್ನು ಕಟ್ಟುತ್ತ ಬಾಳಿದ ಲಾರಿ ಬೇಕರ್ ಸುಣ್ಣ-ಸುರ್ಕಿಯ ಪರ ಕೊನೆಯವರೆಗೂ ವಾದಿಸಿದವರು. ಅವರು ಹೇಳಿದ ಮೇಲೆ ಅದು ವಾಸ್ತುಶಿಲ್ಪವಾಯಿತು. ನಮ್ಮ ತಾತ ಹೇಳುತ್ತಿದ್ದಾಗ ಅದು ಹಳೇ ಕಾಲದವರ ಗೊಣಗಾಟವಾಗಿತ್ತು.

ನಿಮ್ಮ ಮನೆಯದೂ ಹಳೇ ಗೋಡೆಯಾದರೆ ಒಂದು ಕೆಲಸ ಮಾಡಿ. ಬೀಗದ ಕೈ ತೆಗೆದುಕೊಂಡು ಸಂದನ್ನು ಕೆರೆದು ನೋಡಿ. ಬಿಳಿಯಾದ, ಮೆತ್ತಗಿನ, ಸುಣ್ಣದ ಚುಕ್ಕೆಗಳಿರುವ ಪುಡಿ ಉದುರಿದರೆ ಅದು ಸುಣ್ಣದ ಗಾರೆ. ಬೂದುಬಣ್ಣದ್ದಾಗಿ ಕೈ ಜಾರಿದರೆ ಸಿಮೆಂಟು. ಅದು ಗೊತ್ತಾಗುವವರೆಗೆ ಮೇಸ್ತ್ರಿಯ ಗ್ರೈಂಡರಿಗೆ ಕರೆಂಟು ಕೊಡಬೇಡಿ.