ಠಕಾರದ ಠೇವಣಿ

ಕನ್ನಡದ 49 ಅಕ್ಷರಗಳಿಗೂ ಒಂದೇ ಮರ್ಯಾದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅ ಎಂದು ಕೂಗಿದರೆ ಅಮ್ಮ, ಅಜ್ಜ, ಅರಸ, ಅಗಸ ಎಲ್ಲರೂ ಓಡಿ ಬರುತ್ತಾರೆ. ಕ ಎಂದರೆ ಕಾಗೆ, ಕೋಳಿ, ಕಡಲೆಕಾಯಿ. ಠ ಎಂದು ಕೂಗಿ ನೋಡಿ, ಬರುವವನು ಠಕ್ಕ ಒಬ್ಬನೇ. ಅವನನ್ನು ಹುಡುಕಿಕೊಂಡು ಹಿಂದೆಯೇ ಠಾಣೆಯವರು.

ಈ ಅಕ್ಷರ ನಮ್ಮ ಮನೆಗೆ ಬಂದದ್ದು ವಾಟ್ಸಾಪಿನ ಮೂಲಕ. ಯುಕೆಜಿಯಲ್ಲಿರುವ ಮೊಮ್ಮಗಳ ಮಿಸ್ ಕಳಿಸಿದ ಸಂದೇಶ ಹೀಗಿತ್ತು: ಈ ವಾರದ ಅಕ್ಷರ ಠ. ಮಕ್ಕಳು ಆಡುತ್ತಾ ಕಲಿಯಲಿ. ಠದಿಂದ ಶುರುವಾಗುವ ಐದು ವಸ್ತುಗಳನ್ನು ಮನೆಯಿಂದ ಕಳಿಸಿಕೊಡಿ. ಸೊಸೆ ಅದನ್ನು ಓದಿ ಫೋನನ್ನು ನನ್ನ ಕೈಗಿಟ್ಟಳು. "ಮಾವ, ಕನ್ನಡ ನಿಮ್ಮ ಡಿಪಾರ್ಟ್‌ಮೆಂಟು" ಎಂದು ಹೇಳಿ ಆಫೀಸಿಗೆ ಹೊರಟೇಹೋದಳು.

ಬ್ಯಾಂಕಿನಿಂದ ನಿವೃತ್ತನಾದ ನನಗೆ ಮೊದಲು ಹೊಳೆದದ್ದು ಠೇವಣಿ. ಬೀರುವಿನಿಂದ ರಸೀದಿ ತೆಗೆಯುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಅದನ್ನ ಸ್ಕೂಲಿಗೆ ಕಳಿಸೋದಾದರೆ ಅದರ ಜೊತೆಗೇ ನೀವೂ ಹೋಗಿ" ಎಂದಳು. ಎರಡನೆಯದು ಠಸ್ಸೆ ಕಾಗದ. ಇರುವುದು ಸೈಟಿನ ಕ್ರಯಪತ್ರ ಒಂದೇ. ಮೂರನೆಯದು ಠರಾವು, ನೀರಿನ ಬಾಕಿಯ ಬಗ್ಗೆ ನಮ್ಮ ಬಡಾವಣೆಯ ಸಂಘ ಮಾಡಿದ್ದು. ನಾಲ್ಕನೆಯದು ಠೀವಿ. ನನ್ನದು ನಿವೃತ್ತಿಯ ದಿನ ಬ್ಯಾಂಕಿನಲ್ಲೇ ಉಳಿದುಹೋಯಿತು. ಐದನೆಯದಾಗಿ ಠಕ್ಕನನ್ನು ಎಲ್ಲಿಂದ ತರೋಣ? ಇಷ್ಟನ್ನೂ ತುಂಬಿದ್ದರೆ ಐದು ವರ್ಷದ ಕೂಸಿನ ಬ್ಯಾಗು ಸಬ್‌ರಿಜಿಸ್ಟ್ರಾರ್ ಕಚೇರಿಯಾಗುತ್ತಿತ್ತು.

ಆಡಿಸಿ ಕಲಿಸುವುದಕ್ಕೆ ನಾನು ವಿರೋಧಿಯಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ 1995ರಲ್ಲೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದು ಮಾಡಿದ ಕೆಲಸ. ಅವರ ಜಾಣತನ ನೋಡಿ, ಅ ಆ ಇ ಈ ಎಂಬ ಸಾಲನ್ನೇ ಬದಿಗಿಟ್ಟು ರ ಗ ಸ ದ ಅ ಎಂದು ಹೊರಟರು. ಬರೆಯಲು ಸುಲಭ, ಐದೇ ಅಕ್ಷರ ಬಂದರೂ ಸರ, ರಸ, ಅರಸ, ಅಗಸ, ಗರಗಸ ಎಂದು ಮಗು ಓದಿಬಿಡುತ್ತದೆ. ಬರೆದದ್ದನ್ನೂ ಬಿಡಿಸಿದ್ದನ್ನೂ ತಲೆಯ ಮೇಲಿನ ದಾರದ ಚಪ್ಪರಕ್ಕೆ ತೂಗುಹಾಕುತ್ತಾರೆ. ಯಾವ ಅಕ್ಷರಕ್ಕೆ ಯಾವ ಆಟ ಎಂಬ ಅಂದಾಜು ಅವರಿಗಿತ್ತು. ಠದಂಥ ಬಡಪಾಯಿಗೆ ಐದು ವಸ್ತು ತಾ ಎಂದರೆ ಅದು ಆಟವಲ್ಲ, ಜಪ್ತಿ.

ಹಾಗಾಗಿ ಮಿಸ್ಸಿನ ಆಟವನ್ನು ಪಕ್ಕಕ್ಕಿಟ್ಟು ನಮ್ಮದೇ ಶುರು ಮಾಡಿದೆವು. ಕ್ಯಾಲೆಂಡರಿನ ತೆಳು ಹಾಳೆಯಿಂದ ಒಂದು ಪಟ್ಟಿ ಹರಿದು ತುಟಿಯ ಮುಂದೆ ಹಿಡಿಯುವುದು. ಟ ಎಂದರೆ ಕಾಗದ ಸುಮ್ಮನಿರುತ್ತದೆ. ಠ ಎಂದರೆ ಉಸಿರು ತಗುಲಿ ಹಾರುತ್ತದೆ. ಮಹಾಪ್ರಾಣವೆಂದರೆ ಇಷ್ಟೇ, ವ್ಯಾಕರಣದ ಪುಸ್ತಕ ಬೇಕಿಲ್ಲ. ಮೊಮ್ಮಗಳ ಠಕಾರಕ್ಕೆ ಉಸಿರಿಗಿಂತ ಎಂಜಲೇ ಹೆಚ್ಚಾಗಿ ಕಾಗದ ಒದ್ದೆಯಾಯಿತು ಅನ್ನಿ. ಆಮೇಲೆ ಅವಳು ಪಟ್ಟಿ ಹಿಡಿದು ಎಲ್ಲರ ಪರೀಕ್ಷೆಗೆ ಹೊರಟಳು. ಅಜ್ಜಿ "ಪಾಠ" ಎಂದಳು, ಕಾಗದ ಅಲ್ಲಾಡಲಿಲ್ಲ. ಹಾಲಿನವನು ಫೇಲು. ಪಕ್ಕದ ಮನೆಯ ನಿವೃತ್ತ ಕನ್ನಡ ಉಪನ್ಯಾಸಕರು ಗಂಟಲು ಸರಿಮಾಡಿಕೊಂಡು "ಮಠ" ಎಂದರು. ಕಾಗದ ಹಾರಿತು, ಆದರೆ ಫ್ಯಾನು ಹಾಕಿತ್ತು ಎಂದು ಇವಳು ಅಂಕ ಕೊಡಲಿಲ್ಲ. ಕನ್ನಡ ಬರಹಕ್ಕೆ ಮಹಾಪ್ರಾಣ ಬೇಡವೇ ಬೇಡ ಎಂದು ಡಿ.ಎನ್. ಶಂಕರ ಭಟ್ಟರು ಹೇಳಿದಾಗ ಎಷ್ಟೊಂದು ಜಗಳವಾಯಿತು! ನಮ್ಮ ಬೀದಿಯಲ್ಲಿ ಅದು ಎಂದೋ ಜಾರಿಗೆ ಬಂದಿದೆ.

ಬರೆಯುವ ಆಟ ಇನ್ನೂ ಸುಲಭ. ರ ಬರೆದು ಹೊಟ್ಟೆಯೊಳಗೆ ಚುಕ್ಕಿ ಇಟ್ಟರೆ ಠ. ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ರ ಬರೆದೆ. ಅವಳು ಗೆರೆಯುದ್ದಕ್ಕೂ ಹುಣಸೆಬೀಜ ಜೋಡಿಸಿದಳು, ತಲಕಟ್ಟಿನ ಕೊಂಕನ್ನೂ ಬಿಡಲಿಲ್ಲ. ಚುಕ್ಕಿಗೆ ಏನಿಡೋಣ ಎಂದು ನಾನು ಯೋಚಿಸುವಷ್ಟರಲ್ಲಿ ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತು, "ನಾನೇ ಚುಕ್ಕಿ" ಎಂದಳು. ಅಲ್ಲಿಂದ ಏಳಲೊಲ್ಲಳು. ಊಟಕ್ಕೆ ಕರೆದರೆ, "ತಾತ, ಎದ್ದರೆ ರ ಆಗತ್ತೆ!" ಅಜ್ಜಿ ಗೊಣಗುತ್ತಾ ಅಕ್ಷರದೊಳಗೇ ತಟ್ಟೆ ತಂದಿಟ್ಟಳು. ನನ್ನನ್ನು ಕೇಳಿದರೆ ಠ ಬಂದದ್ದು ಆ ಸಾರನ್ನದ ಹೊತ್ತಿಗೇ.

ಬಂದ ಅಕ್ಷರ ಹೋಗಲಿಲ್ಲ ಎಂಬುದೇ ಮುಂದಿನ ಫಜೀತಿ. ಅಮ್ಮನ ಟಿಕ್ಲಿ ಚೀಟಿ ಮೊದಲು ಖಾಲಿಯಾಯಿತು, ಆಮೇಲೆ ಸ್ಕೆಚ್ ಪೆನ್ನು ಹೊರಬಂತು. ಮನೆಯಲ್ಲಿ ಈಗ ಖಾಲಿ ಹೊಟ್ಟೆಯ ರ ಒಂದೂ ಇಲ್ಲ. ಕ್ಯಾಲೆಂಡರಿನಲ್ಲಿ ಗುಠುವಾಠ, ಡಬ್ಬಿಯ ಮೇಲೆ ಠವೆ, ಮೇಜಿನ ಮೇಲಿದ್ದ ಮದುವೆಯ ಕರೆಯೋಲೆಯಲ್ಲಿ ಗುಠುಹಿಠಿಯಠು. ಬೀಗರು ಕೊಟ್ಟದ್ದು ಅದು. ಬೈಯೋಣವೆಂದರೆ ಒಂದು ಚುಕ್ಕಿಯೂ ತಪ್ಪಿಲ್ಲ!

ಸ್ಕೂಲಿಗೆ ಕೊನೆಗೆ ಹೋದದ್ದು ಠೇವಣಿ ರಸೀದಿಯ ಜೆರಾಕ್ಸ್ ಒಂದೇ, ಮೊತ್ತದ ಮೇಲೆ ಬಿಳಿ ಚೀಟಿ ಅಂಟಿಸಿ. ಮಿಸ್ ಮೆಚ್ಚಿ ನಕ್ಷತ್ರ ಹಾಕಿದರು. ಅವರು ವರ್ಗದ ಸಾಲು ಹಿಡಿದೇ ಹೋಗುತ್ತಿದ್ದಾರೆ. ಡ ಬಂದರೆ ಡಬ್ಬಿ ಇದೆ, ಢಕ್ಕೆಯನ್ನು ದೇವಸ್ಥಾನದಿಂದ ಕೇಳಿ ತರಬಹುದು. ಅದರ ಮುಂದಿನ ವಾರ ಣ. ಣದಿಂದ ಶುರುವಾಗುವ ವಸ್ತು ಯಾರ ಮನೆಯಲ್ಲಾದರೂ ಇದ್ದರೆ, ಐದು ಬೇಡ, ಒಂದಿದ್ದರೂ ಸಾಕು, ದಯವಿಟ್ಟು ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.