ಗುಂಡಿ ಒತ್ತಿದರೆ ಟಕ್!

ಮಾರುಕಟ್ಟೆಗೆ ಹೊಸದೊಂದು ಚೂರಿ ಬರಬೇಕಂತೆ. ಮಡಚಿ ಕಿಸೆಗೆ ಹಾಕುವಂಥದ್ದು, ಗುಂಡಿ ಒತ್ತಿದರೆ ಟಕ್ಕೆಂದು ತೆರೆದುಕೊಳ್ಳುವಂಥದ್ದು. ಅದು ಹೇಗಿರಬೇಕು ಎಂಬ ಬಗ್ಗೆ ಚೂರಿಪ್ರಿಯರಲ್ಲಿ ಒಮ್ಮತವಿದೆ. ಅಲಗು ಮೂರೂವರೆ ಇಂಚು ಇರಬೇಕು, ಆದರೆ ಕಿಸೆಯಲ್ಲಿ ಇದೆಯೆಂದೇ ಗೊತ್ತಾಗಬಾರದು. ಸ್ಪ್ರಿಂಗು ಬಿರುಸಾಗಿರಬೇಕು, ಕೈ ಅದುರಬಾರದು. ಕಿಸೆಯೊಳಗೇ ತೆರೆದುಕೊಂಡು ತೊಡೆ ಸೀಳದಂತೆ ಸೇಫ್ಟಿ ಬೇಕು, ಆದರೆ ಆ ಸೇಫ್ಟಿ ಸರಿಸುವ ರಗಳೆ ಬೇಡ. ಹಿಡಿ ಟೈಟಾನಿಯಮ್ಮಿನದೋ ಕಾರ್ಬನ್ ಫೈಬರಿನದೋ ಇರಲಿ. ಕ್ಲಿಪ್ಪು ಎಡಗೈಯವರಿಗೂ ಬಲಗೈಯವರಿಗೂ ಹೊಂದಬೇಕು. ತೆರೆದಾಗ ಅಲಗು ಕೂದಲೆಳೆಯಷ್ಟೂ ಅಲ್ಲಾಡಕೂಡದು, ಮುಚ್ಚಿದಾಗ ಎರಡು ಪಕ್ಕೆಗಳ ಸರಿ ನಡುವೆ ಕೂರಬೇಕು. ಬೆಲೆ ಅಗ್ಗವಾಗಿರಬೇಕು, ಅಗ್ಗದ್ದೆಂದು ನೋಡಿದವರಿಗೆ ತಿಳಿಯಬಾರದು.

ಏನನ್ನು ಕೊಯ್ಯಲಿಕ್ಕೆ ಎಂಬುದೊಂದು ಮಾತ್ರ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಇಂಥ ಚೂರಿಪ್ರಿಯರು ಅಮೆರಿಕದಲ್ಲಿ ಮಾತ್ರ ಇರುತ್ತಾರೆಂದು ನಂಬಿದವರು ಒಂದು ಸಂಜೆ ಬಜಗೋಳಿ ಪೇಟೆಯಲ್ಲಿ ಬಸ್ಸಿಗೆ ಕಾಯಬೇಕು. ಕಾರ್ಕಳದಿಂದ ಬಂದ ರಸ್ತೆ ಒಂದು ಕಡೆ ಮಾಳ ಘಾಟಿಗೂ ಇನ್ನೊಂದು ಕಡೆ ನಾರಾವಿ, ಧರ್ಮಸ್ಥಳಕ್ಕೂ ಕವಲೊಡೆಯುವ ಜಾಗ ಅದು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿ, ಮನೆಯಿಂದಲೇ ಕೆಲಸ ಎಂಬ ನೆವದಲ್ಲಿ ಊರಿಗೆ ಮರಳಿದ ಹುಡುಗನೊಬ್ಬ ಅಂಗಡಿ ಜಗುಲಿಯಲ್ಲಿ ನಿಂತಿರುತ್ತಾನೆ. ಟಕ್, ಕ್ಲಿಕ್. ಟಕ್, ಕ್ಲಿಕ್. ಉಗುರಿನಿಂದ ಎಬ್ಬಿ ತೆರೆಯುವ ಚೂರಿಗಿಂತ ಇದರಲ್ಲಿ ಅರ್ಧ ಸೆಕೆಂಡು ಉಳಿಯುತ್ತದೆ ಎಂಬುದು ಅವನ ವಾದ. ಹಾಗೆ ಉಳಿದ ಅರ್ಧರ್ಧ ಸೆಕೆಂಡುಗಳನ್ನೆಲ್ಲ ಕೂಡಿಹಾಕಿ ಪುನಃ ಅದೇ ಗುಂಡಿ ಒತ್ತುವುದಕ್ಕೆ ಖರ್ಚು ಮಾಡುತ್ತಾನೆ.

ಉಕ್ಕಿನ ವಿಷಯ ತೆಗೆದರಂತೂ ಬಸ್ಸು ತಪ್ಪಿದ ಹಾಗೆಯೇ. ಲ್ಯಾರಿನ್ ಥಾಮಸ್ ಎಂಬ ಅಮೆರಿಕದ ಲೋಹವಿಜ್ಞಾನಿ ರೂಪಿಸಿದ, 2021ರಲ್ಲಿ ಬಳಕೆಗೆ ಬಂದ ಮ್ಯಾಗ್ನಾಕಟ್ ಎಂಬ ಉಕ್ಕಿನ ಮಹಿಮೆಯನ್ನು ಅವನು ಹರಿಕಥೆಯ ಧಾಟಿಯಲ್ಲಿ ಹೇಳುತ್ತಾನೆ. ತುಕ್ಕು ಹಿಡಿಯದು, ಮೊಂಡಾಗದು, ಚಕ್ಕೆ ಏಳದು. ಕ್ರೋಮಿಯಂ ಇಷ್ಟು, ವೆನೇಡಿಯಂ ಅಷ್ಟು. ಒಂದು ದಿನ ಈ ಕಥೆಯನ್ನು ಊರಿನ ಆಚಾರಿಗೂ ಹೇಳಿದನಂತೆ. ತಿದಿಯ ಮುಂದೆ ಕೂತ ಆಚಾರಿ ಎಲ್ಲವನ್ನೂ ಸಾವಧಾನವಾಗಿ ಕೇಳಿ, ಕೊನೆಗೆ ತಿಳಿಯಬಯಸಿದ್ದು ಇಷ್ಟೇ: “ಅದು ಯಾವ ಗಾಡಿಯ ಪ್ಲೇಟು?”

ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಕಡೆ ಒಳ್ಳೆಯ ಕತ್ತಿ ಎಂದರೆ ಗುಜರಿಗೆ ಬಂದ ಲಾರಿಯ ಅಥವಾ ಜೀಪಿನ ಪ್ಲೇಟು. ಅಂದರೆ ಚಕ್ರದ ಮೇಲೆ ಕೂತು ಊರಿನ ಹೊಂಡಗಳನ್ನೆಲ್ಲ ವರ್ಷಗಟ್ಟಲೆ ನುಂಗಿದ ಸ್ಪ್ರಿಂಗು. ಅದನ್ನು ಕೆಂಪಗೆ ಕಾಯಿಸಿ, ಬಡಿದು, ಬಾಯಿಯ ಭಾಗವನ್ನಷ್ಟೇ ನೀರಿಗೆ ಅದ್ದಿ, ತಿಕ್ಕಿ ಬೆಳ್ಳಗೆ ಮಾಡಿ ಆಚಾರಿ ಸುಮ್ಮನೆ ನೋಡುತ್ತಾನೆ. ಬೆನ್ನಿನ ಕಡೆಯ ಕಾವು ಹರಿದು ಬರುತ್ತಿದ್ದಂತೆ ಉಕ್ಕಿನ ಮೇಲೆ ಒಣಹುಲ್ಲಿನ ಹಳದಿ ಏರುತ್ತದೆ, ಅದರ ಹಿಂದೆಯೇ ನೀಲಿ. ಹಳದಿ ಬಾಯಿಗೆ ಮುಟ್ಟಿದ ಕ್ಷಣಕ್ಕೆ ಮತ್ತೆ ನೀರು, ಚುಂಯ್. ತುಸು ಮೊದಲಾದರೆ ಕತ್ತಿಯ ಬಾಯಿ ಹಾರುತ್ತದೆ, ತಡವಾದರೆ ಮಡಚುತ್ತದೆ. ಅರ್ಧ ಸೆಕೆಂಡಿಗೆ ನಿಜವಾಗಿ ಬೆಲೆ ಇರುವುದು ಇಲ್ಲಿ. ಪರದೇಶದ ಚೂರಿಗೆ ಹೊಟ್ಟೆಯೊಳಗೆ ಸ್ಪ್ರಿಂಗು ಇಟ್ಟರೆ ಹೆಗ್ಗಳಿಕೆ, ಬಜಗೋಳಿಯ ಕತ್ತಿಗೆ ಸ್ಪ್ರಿಂಗೇ ಮೈ. ಅದನ್ನು ಹೇಳಿಕೊಳ್ಳಲಿಕ್ಕೆ ಪೆಟ್ಟಿಗೆಯಾಗಲಿ ಅದರೊಳಗಿನ ಧನ್ಯವಾದ ಪತ್ರವಾಗಲಿ ಇಲ್ಲ, ಅಷ್ಟೆ.

ಕಬ್ಬಿಣದ ಮಾತು ಬಂತು, ಹೇಳಿಬಿಡುತ್ತೇನೆ. ಘಾಟಿ ಹತ್ತಿದರೆ ಕುದುರೆಮುಖ. 2005ರ ಕೊನೆಯವರೆಗೂ ಅಲ್ಲಿಯ ಗುಡ್ಡ ಪುಡಿಯಾಗಿ, ಕೆಸರಾಗಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿದು ಹಡಗು ಹತ್ತುತ್ತಿತ್ತು. ಅದರ ಒಂದು ಚೂರು ಈಗ ಗುಂಡಿ ಸಮೇತ ಚೂರಿಯಾಗಿ ನಮ್ಮ ಹುಡುಗನ ಕಿಸೆಗೆ ವಾಪಸು ಬಂದಿದ್ದರೂ ಬಂದಿರಬಹುದು. ಸಾಗಾಟದ ಖರ್ಚು ಎರಡು ಸಲವೂ ನಮ್ಮದೇ ಲೆಕ್ಕಕ್ಕೆ.

ಇನ್ನು ಬಳಸುವವರನ್ನು ನೋಡಿ. ಕಾರ್ಕಳದ ಆಚೀಚೆ ರಬ್ಬರ್ ತೋಟಗಳಿವೆ. ಬೆಳಕು ಹರಿಯುವ ಮೊದಲೇ ಟ್ಯಾಪರ್ ತಲೆಗೆ ಲೈಟು ಕಟ್ಟಿಕೊಂಡು ಮರಗಳ ನಡುವೆ ಇರುತ್ತಾನೆ. ಓರೆ ಗೆರೆಯಲ್ಲಿ ತೊಗಟೆಯನ್ನು ಕಾಗದದಷ್ಟು ತೆಳ್ಳಗೆ ಕೆತ್ತಬೇಕು. ಕಡಿಮೆಯಾದರೆ ಹಾಲು ಇಳಿಯದು, ಒಂದು ಮಿಲಿಮೀಟರ್ ಹೆಚ್ಚಾದರೆ ಮರಕ್ಕೆ ಗಾಯ. ಒಂದರ ನಂತರ ಒಂದರಂತೆ ನೂರಾರು ಮರ, ಒಂದೇ ಕತ್ತಿ. ಹೊಸ ವಿನ್ಯಾಸದಲ್ಲಿ ನಿಮಗೇನು ಬೇಕು ಎಂದು ಅವನನ್ನು ಯಾವ ಕಂಪನಿಯೂ ಕೇಳಿಲ್ಲ. ಕೇಳಿದ್ದರೂ ಕತ್ತಿಗಿಂತ ಮುಂಚೆ ರಬ್ಬರಿನ ರೇಟಿನ ಮಾತು ಬರುತ್ತಿತ್ತು. ಕಳ್ಳು ಇಳಿಸುವ ಮೂರ್ತೆಯವನ ಸೊಂಟದ ಕೊಕ್ಕೆಯಲ್ಲಿ ನೇತಾಡುವ ಕತ್ತಿಯೂ ಹಾಗೆಯೇ. ತಾಳೆಮರದ ತುದಿಯಲ್ಲಿ ಒಂದು ಕೈ ಮರಕ್ಕೆ, ಇನ್ನೊಂದು ಕತ್ತಿಗೆ. ಅದು ಯಾವಾಗಲೂ ತೆರೆದೇ ಇರುವುದರಿಂದ ತೆರೆಯಲು ತಗಲುವ ಸಮಯ ಸೊನ್ನೆ.

ಹಾಗೆಂದು ಚೂರಿಯ ಹುಚ್ಚು ಪರದೇಶದಿಂದ ಬಂತು, ನಾವೆಲ್ಲ ಸಾಧುಗಳು ಎಂದು ಊರಿನವರು ಬೀಗುವುದೂ ಬೇಡ. ಕೋಳಿ ಅಂಕದ ಬದಿಯಲ್ಲಿ ನಿಂತು ನೋಡಿ. ಹುಂಜದ ಕಾಲಿಗೆ ಕಟ್ಟುವ ಬಾಳಿನ ಉದ್ದ, ಬಾಗು, ಮೊನೆ, ಅದನ್ನು ಕಟ್ಟುವ ನೂಲಿನ ಸುತ್ತು, ಯಾರ ಕೈ ಕಟ್ಟಿದರೆ ಜಾರುವುದಿಲ್ಲ ಎಂಬ ಬಗ್ಗೆ ನಡೆಯುವ ಚರ್ಚೆಯ ಮುಂದೆ ಅಮೆರಿಕದ ಚೂರಿಪ್ರಿಯರು ಬಾಲವಾಡಿ ಮಕ್ಕಳು. ಯಾವ ಹೊತ್ತಿಗೆ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳಲು ಕುಕ್ಕುಟ ಪಂಚಾಂಗ ಬೇರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಈ ಪಂಚಾಂಗಕ್ಕೆ ಜಾಗವಿಲ್ಲ, ಹಾಗಾಗಿ ಪೊಲೀಸು ಜೀಪು ಬರುವುದುಂಟು, ಆ ಹೊತ್ತನ್ನು ಮಾತ್ರ ಪಂಚಾಂಗದಲ್ಲಿ ಹಾಕುವುದಿಲ್ಲ. ಅಂತೂ ಬಾಳಿನ ವಿನ್ಯಾಸದ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಉಂಟು. ನಿಜವಾದ ಬಳಕೆದಾರನನ್ನು ಮಾತ್ರ ಯಾರೂ ಕೇಳುವುದಿಲ್ಲ. ಸಂಜೆಗೆ ಅವನು ಪದಾರ್ಥ.

ಕಾನೂನು ಕೂಡ ಈ ಗುಂಡಿಯ ಮುಂದೆ ತಲೆ ಕೆಡಿಸಿಕೊಂಡಿದೆ. ಇಂಥ ಚೂರಿ ಹಿಡಿದ ಪುಂಡರ ಬಗ್ಗೆ ಪತ್ರಿಕೆ, ಸಿನಿಮಾಗಳು ಹುಯಿಲೆಬ್ಬಿಸಿದ ಮೇಲೆ 1958ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕಾನೂನು ತಂದು, ರಾಜ್ಯದಿಂದ ರಾಜ್ಯಕ್ಕೆ ಇದರ ವ್ಯಾಪಾರವನ್ನು ನಿಷೇಧಿಸಿತು. ಆ ಕಾನೂನಿನಲ್ಲೊಂದು ಮಾನವೀಯ ವಿನಾಯಿತಿ ಇದೆ: ಒಂದೇ ಕೈ ಇರುವ ವ್ಯಕ್ತಿ 3 ಇಂಚಿನವರೆಗಿನ ಅಲಗಿನದ್ದನ್ನು ಇಟ್ಟುಕೊಳ್ಳಬಹುದು. ಗುಂಡಿಯ ಚೂರಿಯ ನಿಜವಾದ ಉಪಯೋಗವನ್ನು ಅರ್ಥ ಮಾಡಿಕೊಂಡ ಏಕೈಕ ದಾಖಲೆ ಇದು. ಅಂದಿನವರ ದೃಷ್ಟಿ ದೊಡ್ಡದು. ಒಂದು ಕೈ ಮೊಬೈಲಿಗೆ ಕಾಯಮ್ಮಾಗಿ ಮೀಸಲಾದ ಮೇಲೆ ನಾವೆಲ್ಲರೂ ಒಂದೇ ಕೈಯವರಲ್ಲವೇ! ಕ್ಯಾಲಿಫೋರ್ನಿಯಾದಲ್ಲಿ ಅಲಗು 2 ಇಂಚಿಗೆ ಮುಟ್ಟುವಂತಿಲ್ಲ, ಆದ್ದರಿಂದ ಕಂಪನಿಗಳು 1.9 ಇಂಚಿನದ್ದನ್ನು ಮಾಡಿ ಕೊಡುತ್ತವೆ. ನಿಂಬೆಹಣ್ಣಿಗೆ ಅದು ಮಾರಕಾಸ್ತ್ರ.

ನಮ್ಮ ದೇಶದಲ್ಲಿ ದೆಹಲಿಯದ್ದೇ ಬೇರೆ ಲೆಕ್ಕ. 1980ರ ಅಧಿಸೂಚನೆಯ ಪ್ರಕಾರ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದ ಗುಂಡಿಯ ಚೂರಿ ಅಲ್ಲಿ ನಿರ್ಬಂಧಿತ. ಸಿನಿಮಾ ಖಳರ ಕೈಯಲ್ಲಿ ಮೆರೆದ ರಾಂಪುರಿಯ ಊರಾದ ಉತ್ತರ ಪ್ರದೇಶದ ರಾಂಪುರದಲ್ಲಿ ಚೂರಿ ಮಾಡುವವರು ಕಸುಬಿಲ್ಲದೆ ಸೊರಗಿದ ಮೇಲೆ, 2023ರಲ್ಲಿ ಸುಮಾರು 20 ಅಡಿಯ ಚೂರಿಯೊಂದನ್ನು ವೃತ್ತದಲ್ಲಿ ನಿಲ್ಲಿಸಿದರು. ಕಸುಬು ಸತ್ತ ಮೇಲೆ ಪ್ರತಿಮೆ ಕಟ್ಟುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ಉಳಿದಂತೆ ದೇಶದ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಚೂರಿಯನ್ನು ಆಯುಧ ಎನ್ನುತ್ತವೆ. ಮನೆವಾರ್ತೆಗೆ, ಕೃಷಿಗೆ ಮಾಡಿದ್ದಾದರೆ ಮಾಫಿ. ಅಂದರೆ ಬಸ್ಸಿನಲ್ಲಿ ಅಂಗೈ ಅಗಲದ ಕತ್ತಿ ಹಿಡಿದು ಕೂತ ಅಜ್ಜನಿಗೆ ಯಾರೂ ಏನೂ ಕೇಳುವುದಿಲ್ಲ, ಹೆಚ್ಚೆಂದರೆ ಕಂಡಕ್ಟರ್ “ಕತ್ತಿ ಸೀಟಿನ ಅಡಿಗೆ ಇಡಿ” ಎಂದಾನು. ನಮ್ಮ ಹುಡುಗ ಚೆಕ್‌ಪೋಸ್ಟಿನಲ್ಲಿ ಬೆರಳುದ್ದದ ಚೂರಿ ತೆಗೆದು ಟಕ್ಕೆನ್ನಿಸಿದರೆ ಠಾಣೆಯಲ್ಲಿ ಕೂತು ವೆನೇಡಿಯಂ ಬಗ್ಗೆ ಹೇಳಿಕೆ ಕೊಡಬೇಕಾದೀತು.

ಈ ಚೂರಿಗೆ ಕಡೆಗೂ ಒಂದು ಕೆಲಸ ಸಿಕ್ಕಿದ್ದು ಮೇ ತಿಂಗಳಲ್ಲಿ. ಅವನ ಅತ್ತೆಯ ಮನೆಯಲ್ಲಿ ಹಲಸಿನ ಹಣ್ಣು ಕೊಯ್ಯುವ ಹೊತ್ತು. ಅತ್ತೆ ಮೆಟ್ಟುಕತ್ತಿ ಎಳೆದುಕೊಂಡು ಕೂತಿದ್ದರು. ಅದೂ ಮಡಚುವ ಕತ್ತಿಯೇ: ಕೆಲಸ ಮುಗಿದರೆ ಅಲಗು ಮಣೆಯ ಮೇಲೆ ಮಲಗುತ್ತದೆ, ತುದಿಯಲ್ಲಿ ಕಾಯಿ ತುರಿಯುವ ಹಲ್ಲು ಬೇರೆ ಉಂಟು. ಅಲಗಿಗೆ ಅವರು ತೆಂಗಿನೆಣ್ಣೆ ಸವರುತ್ತಿರುವಾಗಲೇ ಹುಡುಗ ಅವಸರದಲ್ಲಿ ಟಕ್ಕೆಂದು ತೆರೆದು, ಎಣ್ಣೆ ಗಿಣ್ಣೆ ಇಲ್ಲದೆ, ಮೂರೂವರೆ ಇಂಚನ್ನೂ ಹಣ್ಣಿನ ಹೊಟ್ಟೆಗೆ ಇಳಿಸಿಬಿಟ್ಟ. ಮೇಣ ಅಲಗಿಗೆ ಹತ್ತಿತು, ಅಲಗಿನಿಂದ ಹಿಡಿಗೆ, ಹಿಡಿಯ ಸಂದಿನಿಂದ ಸ್ಪ್ರಿಂಗಿಗೆ. ಮುಚ್ಚಿದ ಮೇಲೆ ಗುಂಡಿ ಒತ್ತಿದರೆ ಅಲಗು ಅರ್ಧ ಎದ್ದು, ಇನ್ನು ಏಳಲಾರೆ ಎಂದು ನಿಂತಿತು. ಟಕ್ ಇಲ್ಲ, ಕ್ಲಿಕ್ಕೂ ಇಲ್ಲ. ಅವನು ಅಲ್ಲೇ ಕೂತು ಹೊಸ ವಿನ್ಯಾಸದ ಬೇಡಿಕೆ ಪಟ್ಟಿಗೆ ಒಂದು ಸಾಲು ಸೇರಿಸಿದ: ಹಲಸಿನ ಮೇಣ ಹಿಡಿಯಬಾರದು.

ಕಂಪನಿಯವರು ಕೇಳಿದ್ದನ್ನೆಲ್ಲ ಮಾಡಿಕೊಡುತ್ತಾರೆ ಎಂದು ಕೇಳಿ ಅತ್ತೆಗೂ ಉತ್ಸಾಹ ಬಂತು. ಸೊಂಟಕ್ಕೆ ಕೈ ಕೊಟ್ಟು ಮಣೆಯಿಂದ ಅರ್ಧ ಎದ್ದವರು ಅಷ್ಟರಲ್ಲೇ ನಿಂತು ಹೇಳಿದರು: “ಹಾಗಾದರೆ ನನ್ನದೂ ಒಂದು ಬರಿ ಮಾರಾಯಾ. ಸ್ಪ್ರಿಂಗು ಕತ್ತಿಗೆ ಬೇಡ, ಮಣೆಯ ಅಡಿಗೆ ಹಾಕಲಿ. ಗುಂಡಿ ಒತ್ತಿದರೆ ನನ್ನನ್ನು ಟಕ್ಕೆಂದು ಎಬ್ಬಿಸಬೇಕು.”